ಗೋಡೆಗೆ ಕಿವಿಯಿಟ್ಟ ಮಿಸ್ ಆರ್ಡಿತ್

ಓರ್ವಿಲ್ ಟಗಲ್‌ನ ಮಲಗುವ ಕೋಣೆಯ ಚಾವಣಿಯಲ್ಲಿ ತಟ್ಟೆಯಗಲದ ಕಲೆಯೊಂದು ಮೂಡಿದ್ದೇ ಎಲ್ಲಕ್ಕೂ ಮೂಲ. ಚಂಡಮಾರುತ ಫ್ಲೋರಿಡಾದ ಆ ಕರಾವಳಿಯನ್ನು ಗುಡಿಸಿಕೊಂಡು ಹೋದಾಗ ಅವನ ಮರದ ಮನೆ ಮಾಡಿನ ನಾಲ್ಕು ಹಲಗೆಗಳನ್ನಷ್ಟೇ ಕಳೆದುಕೊಂಡಿತ್ತು. ವಿಮಾ ಕಂಪನಿಯವನು ಬಂದು, "ಬಣ್ಣ ಹೊಡೆಸ್ಕೊಳ್ಳಿ, ಖರ್ಚು ಕೊಡ್ತೀವಿ" ಎಂದಿದ್ದ. ಗಾಳಕ್ಕೆ ಹಾಕುವ ಸಿಗಡಿ ಮಾರಿ ಬದುಕುವ ಓರ್ವಿಲ್ ಅಷ್ಟಕ್ಕೇ ಸುಮ್ಮನಾಗುತ್ತಿದ್ದ. ಪಕ್ಕದ ಮನೆಯ ಲೊರೆಟ್ಟಾ ಬಿಡಬೇಕಲ್ಲ!

"ಅವನು ಕಂಪನಿ ಉಪ್ಪು ತಿಂದೋನು ಕಣಪ್ಪಾ, ನಿನ್ನ ಕಡೆ ನೋಡ್ತಾನಾ? ಪಬ್ಲಿಕ್ ಅಡ್ಜಸ್ಟರನ್ನ ಕರೆಸು. ನಿನ್ನ ಪರವಾಗಿ ನಷ್ಟ ಅಳೆದು, ಕಂಪನಿ ಜೊತೆ ಜಗಳ ಆಡಿ, ಬಂದಿದ್ರಲ್ಲಿ ಒಂದು ಪಾಲು ತಗೋತಾರೆ."

ಮರುದಿನ ಬೆಳಿಗ್ಗೆ ಓರ್ವಿಲ್ ಬಾಗಿಲು ತೆರೆದರೆ ಬೂದು ಕೋಟಿನ ಎತ್ತರದ ಹೆಂಗಸೊಬ್ಬಳು ಆಗಲೇ ನಿಂತಿದ್ದಳು. ಕಾರು ಬಂದ ಸದ್ದೂ ಇಲ್ಲ, ಬಾಗಿಲು ತಟ್ಟಿದ ಸದ್ದೂ ಇಲ್ಲ.

"ಆರ್ಡಿತ್ ಕ್ರೋವೆಲ್, ಪಬ್ಲಿಕ್ ಅಡ್ಜಸ್ಟರ್," ಎಂದಳು ಪಿಸುದನಿಯಲ್ಲಿ. ಒಳಗೆ ಬಂದವಳು ಕಲೆಯ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ಗೋಡೆಗೆ ಕಿವಿಯಿಟ್ಟಳು.

"ಉಸಿರಾಡ್ತಿದೆ."

"ಯಾರು?" ಓರ್ವಿಲ್ ಗಾಬರಿಯಾದ.

"ಗೋಡೆ. ತುಂಬಾ ಕಷ್ಟಪಟ್ಟು."

ಓರ್ವಿಲ್ ನಗಲು ಹೋಗಿ, ಗೋಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಆಕೆ ಕೋಟಿನ ಜೇಬಿನಿಂದ ಗಾಜಿನ ಗೋಲಿಯೊಂದನ್ನು ತೆಗೆದು ಅಡುಗೆಮನೆಯ ನೆಲದ ಮೇಲಿಟ್ಟಳು. ಯಾರೂ ಮುಟ್ಟದ ಗೋಲಿ ತಾನಾಗಿ ಹೊರಟಿತು. ನಡುಮನೆ ದಾಟಿ, ಕೋಣೆಗೆ ತಿರುಗಿ, ಓರ್ವಿಲ್‌ನ ಮಂಚದಡಿ ಹೋಗಿ ನಿಂತಿತು.

"ಮನೆ ಅತ್ತ ಕಡೆ ಮುಳುಗ್ತಿದೆ. ನೀವು ಮಲಗೋ ಕಡೆ," ಎಂದಳು ಆರ್ಡಿತ್.

ಅಷ್ಟರಲ್ಲಿ ಲೊರೆಟ್ಟಾ ಮತ್ತು ಅವಳ ಗಂಡ ಹೋಯ್ಟ್ ನಿಂಬೆ ಪೈ ಎಂಬ ಸಿಹಿತಿಂಡಿ ಹಿಡಿದು ಒಳಬಂದರು. ಪರರ ಮನೆ ಪಂಚಾಯಿತಿಯೆಂದರೆ ಇಬ್ಬರಿಗೂ ಹಬ್ಬ. ಅವರೆದುರೇ ಆರ್ಡಿತ್ ಗೋಡೆಗೆ ಅಂಗೈಯೊತ್ತಿದಳು. ಕೈ ಬೆಣ್ಣೆಯೊಳಗೆ ಹೋದಂತೆ ಮಣಿಕಟ್ಟಿನವರೆಗೆ ಒಳಗಿಳಿಯಿತು. ತೂತಿನಿಂದ ಕೊಳೆತ ಸಮುದ್ರದ ವಾಸನೆ ಬಂತು. ಆಮೇಲೆ ದೀರ್ಘವಾದ ಒಂದು ನಿಟ್ಟುಸಿರು.

"ಗಾಳಿ ಇರ್ಬೇಕು," ಎಂದ ಹೋಯ್ಟ್, ಹೆಂಡತಿಯ ಹಿಂದೆ ಸರಿಯುತ್ತಾ.

"ಇಷ್ಟು ವರ್ಷ ಇದರೊಳಗೆ ಹೆಂಗಪ್ಪಾ ಮಲಗಿದ್ದೆ?" ಎಂದಳು ಲೊರೆಟ್ಟಾ. ಅದನ್ನೇ ಓರ್ವಿಲ್ ಕೂಡ ಯೋಚಿಸುತ್ತಿದ್ದ. ನಿನ್ನೆಯವರೆಗೆ ಹಾಯಾಗಿ ಒರಗುತ್ತಿದ್ದ ಗೋಡೆಯಿಂದ ಈಗ ಮಾರು ದೂರ ನಿಂತಿದ್ದ.

ಮಧ್ಯಾಹ್ನ ಆರ್ಡಿತ್ ಕರೆಸಿದ್ದ ಕಂಪನಿಯವನು ಜಗಳಕ್ಕೆ ಸಿದ್ಧನಾಗಿಯೇ ಬಂದ. "ಇದೆಲ್ಲ ಹಳೇ ತೇವ ಮೇಡಂ, ಚಂಡಮಾರುತದ್ದಲ್ಲ!" ಎಂದು ಕಾಲು ಅಪ್ಪಳಿಸಿದ. ನೆಲ ಅವನನ್ನು ಮೊಣಕಾಲಿನವರೆಗೆ ನುಂಗಿತು. ಎಳೆದು ತೆಗೆದಾಗ ಕಾಲು ಬಂತು, ಬೂಟು ಬರಲಿಲ್ಲ.

"ಕೈ ಹಾಕಿ ತಗೊಳ್ಳಿ," ಎಂದಳು ಆರ್ಡಿತ್ ಮೆಲ್ಲಗೆ.

ಅವನು ತೂತಿನೊಳಗಿನ ಕತ್ತಲೆಯನ್ನು ನೋಡಿದ. ಒಂಟಿ ಬೂಟಿನಲ್ಲಿ ಕುಂಟುತ್ತಾ ಜಗಲಿಗೆ ಹೋಗಿ, ಮನೆ ಪೂರ್ತಿ ಚಂಡಮಾರುತಕ್ಕೆ ಹಾಳಾಗಿದೆಯೆಂದು ಬರೆದು ಸಹಿ ಹಾಕಿ ಹೊರಟುಹೋದ.

ಲೊರೆಟ್ಟಾ ಚಪ್ಪಾಳೆ ತಟ್ಟಿದಳು. ಹೋಯ್ಟ್ ಸಂತೋಷ ತಡೆಯಲಾರದೆ ಪುರಸಭೆಯಲ್ಲಿದ್ದ ಗೆಳೆಯನಿಗೆ ಫೋನು ಮಾಡಿದ: "ನಮ್ಮ ಓರ್ವಿಲ್ ಗೆದ್ದ ಕಣಯ್ಯಾ! ಇಡೀ ಮನೆ ಹಾಳಂತೆ!"

ಪೈ ಮುಗಿಯುವ ಮೊದಲೇ ಪುರಸಭೆಯ ಜೀಪು ಬಂತು. ಇಳಿದ ಅಧಿಕಾರಿ ಬಾಗಿಲಿಗೆ ಕೆಂಪು ಚೀಟಿ ಅಂಟಿಸಿದ.

"ಕಂಪನಿಯೇ ಪೂರ್ತಿ ಹಾಳು ಅಂದ್ಮೇಲೆ ಕಾನೂನು ಪ್ರಕಾರ ರಿಪೇರಿ ಮಾಡೋ ಹಂಗಿಲ್ಲ. ಕೆಡವಿ, ಎತ್ತರದ ಕಂಬಗಳ ಮೇಲೆ ಹೊಸದಾಗಿ ಕಟ್ಟಬೇಕು."

"ಕಂಪನಿ ದುಡ್ಡು ಸಾಲುತ್ತಾ?" ಎಂದ ಓರ್ವಿಲ್.

"ಕಂಬಕ್ಕೆ ಸಾಲಬಹುದು."

"ಕಂಬದ ಮೇಲಕ್ಕೆ?"

ಅಧಿಕಾರಿ ಆಕಾಶ ನೋಡಿದ. "ಇನ್ಮೇಲೆ ಒಳಗೆ ಯಾರೂ ಕಾಲಿಡಬಾರದು. ಕೊನೇ ಫೋಟೋ ತೆಗೆಯೋಕೆ ಈ ಮೇಡಂಗೆ ಮಾತ್ರ ಅನುಮತಿ."

ಲೊರೆಟ್ಟಾಳಿಗೂ ಹೋಯ್ಟ್‌ಗೂ ಒಮ್ಮೆಲೇ ಮನೆಗೆಲಸ ನೆನಪಾಯಿತು. ಹೊತ್ತು ಮುಳುಗುವಾಗ ಅಂಗಳದಲ್ಲಿ ಓರ್ವಿಲ್ ಒಬ್ಬನೇ ಉಳಿದ. ಒಳಗೆ ಟಾರ್ಚಿನ ಬೆಳಕೊಂದು ಕಿಟಕಿಯಿಂದ ಕಿಟಕಿಗೆ ನಿಧಾನವಾಗಿ ಸರಿಯುತ್ತಿತ್ತು. ಅವನ ಎದೆನೋವಿನ ಮಾತ್ರೆಗಳು ಮಂಚದ ಪಕ್ಕದಲ್ಲೇ ಉಳಿದಿದ್ದವು. ಹೆದರುತ್ತಲೇ ಜಗಲಿ ಹತ್ತಿ ತನ್ನದೇ ಬಾಗಿಲು ತಟ್ಟಿದ.

ಟಾರ್ಚು ಆರಿತು.

"ಯಾರದು?" ಒಳಗಿನಿಂದ ಆರ್ಡಿತ್‌ಳ ಪಿಸುದನಿ.

"ನಾನು, ಓರ್ವಿಲ್. ಈ ಮನೇಲಿರೋನು."

ಆಮೇಲೆ ಚಿಲಕ ಬಿದ್ದ ಸದ್ದು.

"ಈ ಮನೇಲಿ ಯಾರೂ ಇಲ್ವಲ್ಲ, ಸ್ವಾಮಿ."