ಖಂಡೇಪೂಜೆಯ ಮರುದಿನ ಕೂಗಿದ ಕಂಪ್ಯೂಟರ್

ಬೆಳಿಗ್ಗೆ ಹನ್ನೊಂದು ಗಂಟೆ ನಾಲ್ಕು ನಿಮಿಷಕ್ಕೆ ನಾನು ಕಂಪ್ಯೂಟರಿನ ಹಣೆಯ ಮೇಲಿನ ಕುಂಕುಮಕ್ಕೆ ಬೆರಳು ತಾಗದಂತೆ ಅದರ ಗುಂಡಿ ಒತ್ತುತ್ತಿದ್ದೆ. ಫ್ಯಾನ್ ತಿರುಗಿತು. ದೀಪ ಹತ್ತಿತು. ಆಮೇಲೆ ಡಬ್ಬಿಯೊಳಗಿನಿಂದ ‘ಬೀಪ್’ ಎಂದು ಉದ್ದವಾಗಿ ಕೂಗಿ, ಎರಡು ಸೆಕೆಂಡು ಸುಮ್ಮನಿದ್ದು, ಮತ್ತೆ ಕೂಗಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು.

ಬೇರೆ ದಿನವಾಗಿದ್ದರೆ ಇದನ್ನೊಂದು ಪ್ರಯೋಗವೆಂದು ಸ್ವಾಗತಿಸುತ್ತಿದ್ದೆ. (ನಾನು ಬಿ.ಎಸ್ಸಿ.; ಕುಷ್ಟಗಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಮಾಸ್ತರ.) ಆದರೆ ಅಂದು ಮಧ್ಯಾಹ್ನ ಹನ್ನೆರಡಕ್ಕೆ ಸರಿಯಾಗಿ ನನ್ನ ಹೆಂಡತಿ ದುರ್ಗಾದೇವಿಯ ಅರ್ಜಿಯ ಗಡುವು ಮುಗಿಯುವುದಿತ್ತು. ವಸತಿ ಶಾಲೆಯೊಂದರಲ್ಲಿ ಪ್ರಯೋಗಾಲಯ ಸಹಾಯಕಿಯ ಹುದ್ದೆ. ಇರುವುದು ಒಂದೇ. ಎಸ್ಸೆಸ್ಸೆಲ್ಸಿ ಸಾಕು, ವಯಸ್ಸು ಮೂವತ್ತೈದು ದಾಟಿರಬಾರದು. ಅವಳಿಗೆ ಮುಂದಿನ ತಿಂಗಳು ದಾಟುತ್ತದೆ.

“ಹತ್ತು ದಿನದಿಂದ ಬಡ್ಕೊಳ್ಳಾಕತ್ತೀನಿ, ಅರ್ಜಿ ಹಾಕ್ರಿ ಅಂತ,” ಎಂದಳು ದುರ್ಗಾದೇವಿ.

“ಫೋಟೋ ಐವತ್ತು ಕೆಬಿ ಒಳಗ ಇರಬೇಕಿತ್ತು. ಐವತ್ತೆರಡು ಇತ್ತು. ಇಳಿಸಬೇಕೋ ಬ್ಯಾಡೋ?”

“ಎರಡು ಕೆಬಿ ಇಳಿಸಾಕ ಹತ್ತು ದಿನ ಬೇಕೇನ್ರಿ?”

ಇದಕ್ಕೆ ನನ್ನಲ್ಲಿ ಉತ್ತರವಿತ್ತು, ಸಮಯವಿರಲಿಲ್ಲ. ಮೊಬೈಲಿನಲ್ಲಿ ಆ ಅರ್ಜಿಯ ಪುಟ ತೆರೆಯುತ್ತಿರಲಿಲ್ಲ. ಸ್ಕ್ಯಾನ್ ಮಾಡಿದ ದಾಖಲೆಗಳೆಲ್ಲ ಈ ಡಬ್ಬಿಯ ಹೊಟ್ಟೆಯಲ್ಲಿದ್ದವು. ಬನ್ನಿ ಹಬ್ಬವಾದ್ದರಿಂದ ಪೇಟೆಯ ಕಂಪ್ಯೂಟರ್ ಅಂಗಡಿಗಳೆಲ್ಲ ಬಂದ್. ರಿಪೇರಿಯ ಫಾರೂಕನಿಗೆ ಫೋನ್ ಹಚ್ಚಿದರೆ, “ಸರ್, ನಾ ಗಂಗಾವತ್ಯಾಗ ಮದುವಿಗೆ ಬಂದೀನ್ರಿ, ಸಂಜಿಕ್ಕ ಬರ್ತೀನಿ,” ಎಂದ. ಹಿಂದೆ ಬ್ಯಾಂಡು ಬಾರಿಸುತ್ತಿತ್ತು.

ನಾನು ಒಂದು ಹಾಳೆ ತೆಗೆದುಕೊಂಡು ಸಂಭವನೀಯ ಕಾರಣಗಳನ್ನು ಬರೆದೆ. ಟೆಸ್ಟರ್ ಹಿಡಿದು ಸಾಕೆಟ್ ನೋಡಿದೆ: ಕರೆಂಟು ಇದೆ. ಪರದೆಯ ಕೇಬಲ್ ಬಿಚ್ಚಿ ಹಾಕಿದೆ: ಬೀಪ್. ಕೀಬೋರ್ಡ್ ತೆಗೆದೆ: ಬೀಪ್. ಪ್ರತಿಯೊಂದರ ಮುಂದೆಯೂ ಗೀಟು ಹೊಡೆದೆ. ಹನ್ನೊಂದು ಹತ್ತೊಂಬತ್ತು.

“ಹಾಳಿ ಮ್ಯಾಲ ಬರದ್ರ ಚಾಲೂ ಆಗ್ತೈತೇನ್ರಿ ಅದು?”

“ಸುಮ್ನಿರು. ಕ್ರಮ ತಪ್ಪಿದ್ರ ದೋಷ ಸಿಗೂದಿಲ್ಲ.”

ಕೊನೆಗೆ ಉಳಿದದ್ದು ಒಂದೇ ಕಾರಣ. ಅದು ಅಡುಗೆಮನೆಯಲ್ಲಿ ಹೋಳಿಗೆ ಬೇಯಿಸುತ್ತಿತ್ತು.

ಹಿಂದಿನ ದಿನ ಖಂಡೇಪೂಜೆ. ನನ್ನ ತಾಯಿ ಹುಲಿಗವ್ವ ಕುಡುಗೋಲು, ಕೊಡಲಿ, ನನ್ನ ಬೈಕು ಎಲ್ಲವನ್ನೂ ಪೂಜಿಸಿ, ಕಂಪ್ಯೂಟರಿಗೂ ವಿಭೂತಿ ಹಚ್ಚಿ, ಕುಂಕುಮವಿಟ್ಟು, ಚೆಂಡುಹೂ ಏರಿಸಿ, ಊದಿನಕಡ್ಡಿ ಬೆಳಗಿದ್ದಳು. ವಿಭೂತಿಯೆಂದರೆ ಬೂದಿ. ಬೂದಿಯೆಂದರೆ ಸೂಕ್ಷ್ಮ ಕಣ. ಸೂಕ್ಷ್ಮ ಕಣಕ್ಕೆ ಫ್ಯಾನಿನ ಜಾಲರಿ ಯಾವ ಲೆಕ್ಕ?

“ಅವ್ವಾ, ನಿನ್ನ ವಿಭೂತಿ ಒಳಗ ಹೋಗಿ ಕಂಪ್ಯೂಟರ್ ಕೆಟ್ಟೈತಿ.”

ತಾಯಿ ಲಟ್ಟಣಿಗೆ ಹಿಡಿದುಕೊಂಡೇ ಹೊರಬಂದಳು. “ಅಲ್ಲೋ ರಾಮಾ, ಕುಡುಗೋಲಿಗೂ ಹಚ್ಚೀನಿ, ಕೊಯ್ಯಾಕತ್ತೈತಿ. ನಿನ್ನ ಬೈಕಿಗೂ ಹಚ್ಚೀನಿ, ಓಡಾಕತ್ತೈತಿ. ಇದೊಂದಕ್ಕ ಏನ್ ಧಾಡಿ? ಪೂಜಿಗಿಂತ ಮೊದ್ಲ ಇದನ್ನ ಬಿಚ್ಚಿ ಒರಸಿದವ್ರು ಯಾರು?”

ಒರೆಸಿದವನು ನಾನೇ. ಪೂಜೆಗೆ ಕೂರುವ ಯಂತ್ರ ಒಳಗೂ ಶುದ್ಧವಾಗಿರಲೆಂದು, ಭಾಗ ಭಾಗ ಬಿಚ್ಚಿ, ಮೆತ್ತನೆ ಕುಂಚದಿಂದ ಧೂಳು ತೆಗೆದು, ಹೂವು ಎತ್ತಿಟ್ಟ ಹಾಗೆ ತಿರುಗಿ ಜೋಡಿಸಿದ್ದೆ. ಆದ್ದರಿಂದಲೇ ನನ್ನ ಹಾಳೆಯಲ್ಲಿ ‘ಜೋಡಣೆಯ ದೋಷ’ ಎಂಬ ಸಾಲೇ ಇರಲಿಲ್ಲ.

ಹನ್ನೊಂದು ಮೂವತ್ತೊಂದು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ಬೂದಿ ಹುಡುಕತೊಡಗಿದೆ. ಒಂದು ಕಣವೂ ಸಿಗಲಿಲ್ಲ. ದುರ್ಗಾದೇವಿ ಗೋಡೆ ಗಡಿಯಾರ ನೋಡುತ್ತ ಕೂತಿದ್ದಳು. ಅವಳು ಬೈದರೆ ನನಗೆ ಅಭ್ಯಾಸವಿದೆ. ಇದಕ್ಕೆ ಇರಲಿಲ್ಲ. ಮದುವೆಯಾದಾಗಿನಿಂದ ಅವಳು ತನಗಾಗಿ ಕೇಳಿದ್ದು ಇದೊಂದನ್ನೇ.

ಆಗ ಪಕ್ಕದ ಮನೆಯ ಜುಬೇದಾಬೀ ಬಂದರು. ಇಡೀ ಓಣಿಗೆ ಬಟ್ಟೆ ಹೊಲಿದುಕೊಡುವವರು. ದುರ್ಗಾದೇವಿಯ ಕುಪ್ಪಸ ಕೊಡಲು ಬಂದವರು ಬೀಪ್ ಕೇಳಿ ನಿಂತರು.

“ಏನ್ ಮಾಸ್ತರ, ಹಬ್ಬದ ದಿನ ಯಾಕ ಅಳಸಾಕತ್ತೀರಿ ಇದನ್ನ?”

“ಒಳಗಿನ ನೆನಪಿನ ಪಟ್ಟಿ, ಅಂದ್ರ ರ‍್ಯಾಮು, ಇದಕ್ಕ ಕಾಣವಲ್ದು ಅಂತ ಈ ಕೂಗಿನ ಅರ್ಥ ಇರಬಹುದ್ರಿ. ಆದ್ರ ಪಟ್ಟಿ ಇಲ್ಲೇ ಐತಿ ನೋಡ್ರಿ,” ಎಂದು ಬೆರಳಗಲದ ಹಸಿರು ಪಟ್ಟಿಯನ್ನು ತೋರಿಸಿದೆ.

ಜುಬೇದಾಬೀ ಬಗ್ಗಿ ನೋಡಿದರು. “ಕೂಡಸೂಮುಂದ ಟಕ್ ಅಂತೇನ್ರಿ?”

“ಸದ್ದಾಗಲಾರದಂಗ ಭಾಳ ಹುಷಾರ್ಲೆ ಕೂಡಿಸೀನ್ರಿ.”

“ಅಯ್ಯ, ಅದಕ್ಕ ಮತ್ತ! ನನ್ನ ಮಶೀನಿನ ಬಾಬಿನ್ ಡಬ್ಬಿನೂ ಹಂಗ. ಟಕ್ ಅನ್ನೂತನಕ ಒತ್ತದಿದ್ರ ಕುಂತಂಗ ಕಾಣತೈತಿ, ಹೊಲಿಗಿ ಬೀಳೂದಿಲ್ಲ.”

“ಇದು ಎಲೆಕ್ಟ್ರಾನಿಕ್ ಉಪಕರಣ ಐತ್ರಿ, ಬಲಪ್ರಯೋಗ...”

ನಾನು ‘ಬಲಪ್ರಯೋಗ’ದ ಮುಂದಿನ ಪದ ಹುಡುಕುವಷ್ಟರಲ್ಲಿ ದುರ್ಗಾದೇವಿ ಎದ್ದು ಬಂದು ಪ್ಲಗ್ ಕಿತ್ತಳು. ಪಟ್ಟಿಯ ಎರಡೂ ತುದಿಗೆ ಹೆಬ್ಬೆರಳಿಟ್ಟು ಒತ್ತಿದಳು. ಟಕ್. ಇನ್ನೊಂದು ಟಕ್. ಪ್ಲಗ್ ಹಾಕಿ ಗುಂಡಿ ಒತ್ತಿದಳು.

ಕೂಗಲಿಲ್ಲ. ಪರದೆ ನೀಲಿಯಾಗಿ ಬೆಳಗಿತು. ಹನ್ನೊಂದು ನಲವತ್ತಾರು.

“ನಾ ಓದ್ತೀನಿ, ನೀ ಟೈಪ್ ಹೊಡಿ,” ಎಂದು ಅವಳ ಅಂಕಪಟ್ಟಿ ಎತ್ತಿಕೊಂಡೆ. ಅಳಿದುಳಿದ ಗೌರವವನ್ನು ಓದಿಯಾದರೂ ಉಳಿಸಿಕೊಳ್ಳೋಣವೆಂದು. ಈ ಅಂಕಪಟ್ಟಿಯನ್ನು ಸ್ಕ್ಯಾನ್ ಮಾಡಿದವನೂ ನಾನೇ; ಅದು ನೂರಾ ತೊಂಬತ್ತೆಂಟು ಕೆಬಿ ಎಂಬುದು ಬಾಯಿಪಾಠವಾಗಿತ್ತು. ಒಳಗೇನಿದೆಯೆಂದು ಓದಿರಲಿಲ್ಲ.

“ಗಣಿತ, ತೊಂಬತ್ತೊಂದು. ವಿಜ್ಞಾನ...”

“ಟೈಮ್ ಹೊಂಟೈತ್ರಿ. ವಿಜ್ಞಾನ ಎಷ್ಟು?”

“ತೊಂಬತ್ತಾರು,” ಎಂದೆ.

ಹನ್ನೊಂದು ಐವತ್ತೇಳಕ್ಕೆ ಅರ್ಜಿ ಸಂಖ್ಯೆ ಬಂತು. ದುರ್ಗಾದೇವಿ ಅದನ್ನು ನನ್ನ ಹಾಳೆಯ ಹಿಂಬದಿಗೆ ಬರೆದುಕೊಂಡು, ಉಸಿರು ಬಿಟ್ಟು, ಜುಬೇದಾಬೀ ಕಡೆ ತಿರುಗಿದಳು.

“ಇವ್ರು ಕುಕನೂರಿಗೆ ನನ್ನ ನೋಡಾಕ ಬಂದಾಗ ನಮ್ಮಪ್ಪಗ ಏನ್ ಹೇಳಿದ್ರು ಗೊತ್ತೇನವಾ? ‘ಹುಡುಗಿಗೆ ವಿಜ್ಞಾನ ತಿಳೀದಿದ್ರ ಚಿಂತಿ ಮಾಡಬ್ಯಾಡ್ರಿ, ನಾ ಕಲಸ್ತೀನಿ’ ಅಂದ್ರು. ಮ್ಯಾಲ, ಎಸ್ಸೆಸ್ಸೆಲ್ಸಿಯೊಳಗ ವಿಜ್ಞಾನಕ್ಕ ತಮಗ ಎಷ್ಟು ಬಿದ್ದಿದ್ವು ಅಂತನೂ ಅಡಗಿಮನಿ ತನಕ ಕೇಳೂವಂಗ ಹೇಳಿದ್ರು.”

“ನೀ ಏನಂದಿ?”

“ನಾ ಏನನ್ಲಿ? ಚಹಾ ಸೋಸಾಕತ್ತಿದ್ದೆ.”

“ಎಷ್ಟ್ ಬಿದ್ದಿದ್ವಂತ ಮಾಸ್ತರಿಗೆ?”

ದುರ್ಗಾದೇವಿ ನಗು ತಡೆದುಕೊಂಡು ನನ್ನನ್ನು ನೋಡಿದಳು. ತಾಯಿಯೂ ಹೋಳಿಗೆ ತಟ್ಟೆ ಹಿಡಿದು ಬಾಗಿಲಿಗೆ ಬಂದು ನಿಂತಳು. ಅಂಕಿಸಂಖ್ಯೆಯಲ್ಲಿ ನಾನೆಂದೂ ಸುಳ್ಳು ಹೇಳಿದವನಲ್ಲ. ಅಂದು ಅಷ್ಟು ಜೋರಾಗಿ ಹೇಳಿದ್ದನ್ನು ಈಗ ಸಾಧ್ಯವಾದಷ್ಟು ಮೆಲ್ಲಗೆ ಹೇಳಿದೆ:

“ಎಪ್ಪತ್ತೊಂಬತ್ತು.”