ಅಜ್ಜಂಪುರದ ಮೊದಲ ಲೇಖಕರು

ಲೈಬ್ರರಿ ಅಂದರೆ ಸದ್ದಿಲ್ಲದ ಜಾಗ, ಅಲ್ಲಿ ನಗುವಂಥದ್ದು ಏನು ನಡೆಯುತ್ತೆ ಅಂತ ಜನ ಕೇಳುತ್ತಾರೆ. ಕಡೂರಿನ ಕಾಲೇಜಿನಲ್ಲಿ ಗ್ರಂಥಪಾಲಕನಾಗಿದ್ದ ಅಷ್ಟು ವರ್ಷಗಳಲ್ಲಿ ನಾನು ಬಾಯಿಗೆ ಕರ್ಚೀಫು ಒತ್ತಿಕೊಂಡು ಕೂತ ದಿನಗಳಿಗೆ ಲೆಕ್ಕವಿಲ್ಲ. ಅದರಲ್ಲಿ ಅರ್ಧಪಾಲು ನಮ್ಮ ಫಿಸಿಕ್ಸ್ ಮೇಷ್ಟ್ರ ದೆಸೆಯಿಂದ. ಅವರ ಮೇಲೆ ನನಗೆ ಎಷ್ಟು ಪ್ರೀತಿ ಅಂದರೆ, ಈಗ ಹೇಳುವಾಗಲೂ ನಗು ಮೊದಲು ಬರುತ್ತೋ ಕಣ್ಣೀರು ಮೊದಲು ಬರುತ್ತೋ ಗೊತ್ತಾಗುವುದಿಲ್ಲ.

ಹೊಟ್ಟಿನ ಮೂಟೆ

ಎಪ್ಪತ್ತರ ದಶಕದ ಕೊನೆಯ ಮಾತು. ನನ್ನ ಲೈಬ್ರರಿಗೆ ಬಂದ ಒಂದು ಪತ್ರಿಕೆಯಲ್ಲಿ ಮೇಷ್ಟ್ರು ಓದಿದರು: ಬಿಸಿಲನ್ನು ಕರೆಂಟು ಮಾಡುವ ಬಿಲ್ಲೆಗೆ ಸಿಲಿಕಾನ್ ಬೇಕು, ಅದು ಭತ್ತದ ಹೊಟ್ಟಿನ ಬೂದಿಯಲ್ಲಿ ದಂಡಿಯಾಗಿದೆ. ಮೇಷ್ಟ್ರು ಪಂಚನಹಳ್ಳಿಯವರು. "ನಮ್ಮೂರಲ್ಲಿ ಬೇರೇನು ಇಲ್ದಿದ್ರೂ ಬಿಸಿಲಿಗೆ ಕೊರತೆ ಇಲ್ಲ ಕಣ್ರೀ" ಅಂದರು. ಮರುದಿನವೇ ನನ್ನನ್ನು ತರೀಕೆರೆಗೆ ಎಳೆದುಕೊಂಡು ಹೋಗಿ ಅಕ್ಕಿ ಗಿರಣಿಯಿಂದ ಎರಡು ಮೂಟೆ ಹೊಟ್ಟು ತುಂಬಿಸಿಕೊಂಡರು.

ವಾಪಸು ಬರುವ ಬಸ್ಸಿನಲ್ಲಿ ಕಂಡಕ್ಟರು ಮೂಟೆ ಮುಟ್ಟಿ ನೋಡಿದ. "ಬರೀ ಹೊಟ್ಟು ಹಾಕಿದ್ರೆ ಎಮ್ಮೆ ಹಾಲು ಇಳಿದುಬಿಡುತ್ತೆ ಸಾರ್. ಒಂದಿಷ್ಟು ಹಿಂಡಿ ಸೇರಿಸಿ."

"ಎಮ್ಮೆಗಲ್ಲಪ್ಪಾ" ಅಂತ ಮೇಷ್ಟ್ರು ಕ್ಲಾಸಿನಲ್ಲಿ ಹೇಳುವ ಹಾಗೆ ಬಿಡಿಸಿ ಹೇಳಿದರು. "ಇದನ್ನ ಸುಟ್ಟು ಬೂದಿ ಮಾಡಬೇಕು. ಆಮೇಲೆ ಬೂದೀನ ಆಸಿಡ್ಡಲ್ಲಿ ತೊಳೆದು, ಕುಲುಮೇಲಿ ಕರಗಿಸಿ, ಬಿಸಿಲಿಂದ ಕರೆಂಟು ತೆಗೀಬೇಕು."

ಕಂಡಕ್ಟರು ಸ್ವಲ್ಪ ಹೊತ್ತು ಅವರ ಮುಖವನ್ನೇ ನೋಡಿದ. ಟಿಕೆಟು ಹರಿದು ನನ್ನ ಕೈಗೆ ಕೊಡುತ್ತಾ ಮೆಲ್ಲಗೆ ಅಂದ: "ಜೊತೇಲಿ ನೀವಿದೀರಲ್ಲ ಸಾರ್, ಅಷ್ಟು ಸಾಕು. ಮನೆ ತನಕ ಕರ್ಕೊಂಡು ಹೋಗಿ ಬಿಡಿ."

ನಿಂಬೆಯಿಂದ ತುಂಬೆಗೆ

ಕುಲುಮೆಗೆ ಕಾಲೇಜಿನವರು ಕೊಟ್ಟದ್ದು ಲ್ಯಾಬಿನ ಹಿಂದಿನ ಸೈಕಲ್ ಶೆಡ್ಡು ಮಾತ್ರ. ಟೆಂಟ್ ಸಿನಿಮಾದ ಆಪರೇಟರನ್ನು ಕಾಡಿ, ಪ್ರೊಜೆಕ್ಟರಿನಲ್ಲಿ ಉರಿದು ಉಳಿದ ಇದ್ದಿಲು ಕಡ್ಡಿಗಳನ್ನು ಮೇಷ್ಟ್ರು ತಂದರು. ಎರಡು ಕಡ್ಡಿಗಳ ನಡುವೆ ಕರೆಂಟು ಹಾಯಿಸಿದರೆ ಕಣ್ಣು ಕುಕ್ಕುವ ಬೆಂಕಿ. ಬೂದಿ ಇಟ್ಟು ಕಾಯಿಸಲು ಗಟ್ಟಿಯಾದ ಮೂಸೆ ಬೇಕಿತ್ತು. ಅದಕ್ಕಾಗಿ ಅಜ್ಜಂಪುರದ ಒಬ್ಬ ಅಕ್ಕಸಾಲಿಗರ ಹತ್ತಿರ ಹೋದೆವು. ಅರವತ್ತು ದಾಟಿದವರು, ಸಣಕಲು ಮೈ, ಮೂಗಿನ ತುದಿಯಲ್ಲಿ ಕನ್ನಡಕ.

"ಏನು ಕರಗಿಸ್ತೀರಿ?" ಅಂತ ಕೇಳಿದರು.

"ಬೂದಿ."

ಅಕ್ಕಸಾಲಿಗರು ಊದುಗೊಳವೆ ಕೆಳಗಿಟ್ಟರು. "ಬೂದೀಲಿ ಚಿನ್ನ ಹುಡುಕೋರನ್ನ ನೋಡಿದೀನಿ ಸ್ವಾಮಿ. ಬೂದೀನೇ ಕರಗಿಸೋರನ್ನ ನೋಡಿಲ್ಲ. ನಾನೂ ಬತ್ತೀನಿ."

ಬಂದೇಬಿಟ್ಟರು. ಪ್ರತಿ ಭಾನುವಾರ ಬೆಳಗಿನ ರೈಲಿಗೆ ಬಂದು ಕಪ್ಪು ಗಾಜು ಹಿಡಿದು ಬೆಂಕಿಯ ಮುಂದೆ ಕೂರುತ್ತಿದ್ದರು. ಶಾಖ ಅಳೆಯುವ ಲ್ಯಾಬಿನ ಮೀಟರು ಕೆಟ್ಟು ಕೂತಿತ್ತು. "ಎಷ್ಟು ಡಿಗ್ರಿ ಇರಬಹುದು?" ಅಂತ ಮೇಷ್ಟ್ರು ಕೇಳಿದರೆ, "ಡಿಗ್ರಿ ನಂಗೊತ್ತಿಲ್ಲ. ಈಗ ಮಾಗಿದ ನಿಂಬೆಹಣ್ಣು. ತಡೀರಿ, ತುಂಬೆ ಹೂವಾಗಲಿ" ಅನ್ನುತ್ತಿದ್ದರು. ತುಂಬೆ ಹೂವಿನ ಬಿಳುಪು ಬಂದಾಗ "ಸಾಕು, ಆರಿಸಿ" ಅನ್ನುವರು. ಹಾಗೆ ಆರಿಸಿದ ಒಂದು ಭಾನುವಾರ ಮೂಸೆಯ ತಳದಲ್ಲಿ ಹೆಸರುಕಾಳಿನಷ್ಟು, ಬೂದು ಬಣ್ಣದ ಹೊಳೆಯುವ ಸಿಲಿಕಾನ್ ಮಣಿ ಸಿಕ್ಕಿತು. ಇಬ್ಬರೂ ಅದನ್ನು ಅಂಗೈಯಿಂದ ಅಂಗೈಗೆ ದಾಟಿಸುತ್ತಾ, ಹೊಸ ಮೊಮ್ಮಗುವನ್ನು ನೋಡುವ ಹಾಗೆ ನೋಡಿದರು.

ಆಮೇಲೆ ಮೀಟರು ರಿಪೇರಿಯಾಗಿ ಬಂತು. ಹತ್ತು ಸಲ ಪರೀಕ್ಷೆ ಮಾಡಿದೆವು. ಪ್ರತಿ ಸಲವೂ ಅಕ್ಕಸಾಲಿಗರು "ತುಂಬೆ" ಅಂದಾಗ ಮುಳ್ಳು ಹೆಚ್ಚುಕಮ್ಮಿ ಅದೇ ಜಾಗದಲ್ಲಿ ನಿಂತಿರುತ್ತಿತ್ತು. ಬೆಂಕಿಯ ಬಣ್ಣ ನೋಡಿ ಶಾಖ ತಿಳಿಯುವ ಈ ಕ್ರಮವನ್ನೇ ಮೇಷ್ಟ್ರು ಇಂಗ್ಲಿಷಿನಲ್ಲಿ ಲೇಖನ ಮಾಡಿ ಒಂದು ಪತ್ರಿಕೆಗೆ ಕಳಿಸಿದರು. ಅದು ಅಚ್ಚಾಯಿತು. ಲೇಖಕರು ಇಬ್ಬರು. ಮೊದಲ ಹೆಸರು ಅಕ್ಕಸಾಲಿಗರದು, ಎರಡನೆಯದು ಮೇಷ್ಟ್ರದು.

ಪ್ರತಿ ಕೊಡಲು ಅಜ್ಜಂಪುರಕ್ಕೆ ಹೋದೆವು. ಅಕ್ಕಸಾಲಿಗರು ತಮ್ಮ ಹೆಸರಿನ ಮೇಲೆ ಬೆರಳಿಟ್ಟು ನೋಡಿದರು. ಆಮೇಲೆ ಕೇಳಿದರು: "ಇದು ಸರ್ಕಾರದೋರಿಗೂ ಹೋಗುತ್ತಾ? ತೂಕದ ಬಟ್ಟು ಚೆಕ್ ಮಾಡೋಕೆ ಯಾರೂ ಬರಲ್ಲ ತಾನೇ?"

ಡಾಕ್ಟರ ಕಾರ್ಡು

ಆ ಕಾಲದಲ್ಲಿ ಒಂದು ಲೇಖನ ಬೇಕಾದರೆ ವಿಜ್ಞಾನಿಗಳು ಲೇಖಕರಿಗೇ ಕಾರ್ಡು ಬರೆದು ಪ್ರತಿ ಕೇಳುತ್ತಿದ್ದರು. ಜಪಾನಿನಿಂದ ಅಂಥದ್ದೊಂದು ಕಾರ್ಡು ಅಜ್ಜಂಪುರಕ್ಕೆ ಬಂತು. ವಿಳಾಸದಲ್ಲಿ ಅಕ್ಕಸಾಲಿಗರ ಹೆಸರಿನ ಹಿಂದೆ 'ಡಾಕ್ಟರ್' ಅಂತಿತ್ತು. ಪೋಸ್ಟ್‌ಮನ್ನು ಅದನ್ನು ದಾರಿಯುದ್ದಕ್ಕೂ ಓದಿ ಹೇಳಿಕೊಂಡೇ ಬಂದಿದ್ದ.

ಮುಂದಿನ ಭಾನುವಾರ ಅಕ್ಕಸಾಲಿಗರು ಸಪ್ಪೆ ಮುಖ ಮಾಡಿಕೊಂಡು ಬಂದರು. "ನೀವು ಏನೋ ಮಾಡೋಕೆ ಹೋಗಿ ಏನೋ ಆಗೋಯ್ತು ಮೇಷ್ಟ್ರೇ. ಬೆಳಿಗ್ಗೆ ಎದ್ರೆ ಜಗಲಿ ಮೇಲೆ ಜನ. ಜಪಾನಿನೋರೇ ಡಾಕ್ಟರು ಅಂತ ಒಪ್ಪಿದಾರೆ, ನಮ್ಮ ಮಂಡಿನೋವಿಗೆ ಏನಾದ್ರೂ ಕೊಡು ಅಂತಾರೆ."

"ನೀವೇನು ಮಾಡಿದ್ರಿ?"

"ಏನು ಮಾಡ್ಲಿ? ಹರಳೆಣ್ಣೆ ಬಿಸಿ ಮಾಡಿ ತಿಕ್ಕಿ ಅಂತ ಹೇಳ್ದೆ. ಇಬ್ಬರಿಗೆ ವಾಸಿನೂ ಆಗೋಯ್ತು. ಈಗ ಇನ್ನೂ ಜಾಸ್ತಿ ಜನ ಬತ್ತಾವ್ರೆ."

ಮೂರನೇ ಕ್ಲಾಸು

ಕೆಲವು ವರ್ಷ ಕಳೆದು ಎಂಬತ್ತರ ದಶಕ ಬಂತು. ಒಂದು ವಿಶ್ವವಿದ್ಯಾಲಯದಲ್ಲಿ ರೀಡರ್ ಹುದ್ದೆಗೆ ಮೇಷ್ಟ್ರು ಅರ್ಜಿ ಹಾಕಿದರು. ಅಲ್ಲಿ ಒಳ್ಳೆಯ ಕುಲುಮೆ ಇತ್ತು, ಅವರಿಗೆ ಬೇಕಾಗಿದ್ದದ್ದು ಅದು. ಆದರೆ ಅರ್ಜಿಯಲ್ಲಿ ಹೊಸ ಪ್ರಶ್ನೆಯೊಂದಿತ್ತು: ನಿಮ್ಮ ಲೇಖನವನ್ನು ಬೇರೆಯವರು ತಮ್ಮ ಲೇಖನಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ?

ಅದನ್ನು ತಿಳಿಯಲು ಬೆಂಗಳೂರಿನ ದೊಡ್ಡ ಲೈಬ್ರರಿಗೆ ಹೋದೆವು. ಯಾರನ್ನು ಯಾರು ಉಲ್ಲೇಖಿಸಿದರು ಅಂತ ಪಟ್ಟಿ ಮಾಡಿದ ದಿಂಡು ಪುಸ್ತಕಗಳು ಅಲ್ಲಿದ್ದವು. ಇರುವೆ ಸಾಲಿನಂಥ ಅಕ್ಷರ. ಮೇಷ್ಟ್ರ ಹೆಸರು ಹುಡುಕಿದೆ. ಇಲ್ಲ. ಹಿಂದಿನ ವರ್ಷದ್ದು ನೋಡಿದೆ, ಅದರಲ್ಲೂ ಇಲ್ಲ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಹೋಗ್ಲಿ ಬಿಡಿ, ಬೇಗ ಹೊರಟ್ರೆ ಮಧ್ಯಾಹ್ನದ ರೈಲು ಸಿಗುತ್ತೆ."

ಯಾಕೋ ಅನುಮಾನ ಬಂದು ಅಕ್ಕಸಾಲಿಗರ ಹೆಸರು ತೆಗೆದೆ. ಅದರ ಕೆಳಗೆ ಒಂದರ ಹಿಂದೆ ಒಂದು ಐದು ಉಲ್ಲೇಖ. ಆ ಪುಸ್ತಕದಲ್ಲಿ ಲೇಖನಗಳನ್ನು ಸೇರಿಸುತ್ತಿದ್ದದ್ದು ಮೊದಲ ಲೇಖಕನ ಹೆಸರಿನಲ್ಲಿ ಮಾತ್ರ. ಗ್ರಂಥಪಾಲಕನಾಗಿ ನನಗೆ ಗೊತ್ತಿರಬೇಕಾದ ವಿಷಯ. ಮೊದಲೇ ಹೇಳಿದ್ದರೆ ಹೆಸರು ಹಿಂದುಮುಂದು ಮಾಡಬಹುದಿತ್ತು. ನನಗೆ ನಾಚಿಕೆಯಾಯಿತು. ಮೇಷ್ಟ್ರು ಮಾತ್ರ ಸಾಲಿನ ಮೇಲೆ ಬೆರಳಾಡಿಸುತ್ತಾ, "ಐದು ಕಣ್ರೀ. ನಮ್ಮ ತುಂಬೆ ಹೂವು ಎಲ್ಲೆಲ್ಲಿಗೆ ಹೋಗಿದೆ ನೋಡಿ" ಅಂತ ಹಿಗ್ಗುತ್ತಿದ್ದರು.

ಸಂದರ್ಶನದಲ್ಲಿ ಏನಾಯಿತು ಅಂತ ಅವರೇ ಹೇಳಿದ್ದು. ಅಧ್ಯಕ್ಷರು ಕಾಗದ ತಿರುವಿ, "ನಿಮ್ಮ ಹೆಸರಿಗೆ ಉಲ್ಲೇಖ ಸೊನ್ನೆ. ಈ ಮೊದಲ ಲೇಖಕರ ಹೆಸರಿಗೆ ಐದು. ಹಾಗಾದರೆ ಕೆಲಸ ಯಾರದು?" ಅಂದರಂತೆ.

"ಬೂದಿ ನನ್ನದು ಸಾರ್, ಬೆಂಕಿ ಅವರದು."

"ಅವರ ಕ್ವಾಲಿಫಿಕೇಶನ್ ಏನು?"

"ಥರ್ಡ್ ಕ್ಲಾಸ್ ಸಾರ್."

ಅಧ್ಯಕ್ಷರು ಹುಬ್ಬೇರಿಸಿದರು. "ಎಂಎಸ್‌ಸಿಯಲ್ಲಿ ಥರ್ಡ್ ಕ್ಲಾಸ್ ಬಂದವರಾ?"

"ಎಂಎಸ್‌ಸಿ ಅಲ್ಲ ಸಾರ್. ಮೂರನೇ ಕ್ಲಾಸು. ಅಜ್ಜಂಪುರದ ಪ್ರೈಮರಿ ಸ್ಕೂಲು."

ಖಾತೆ ಬದಲಾವಣೆ

ಕೆಲಸ ಬೇರೆಯವರಿಗೆ ಹೋಯಿತು. ಮೇಷ್ಟ್ರು ನಿವೃತ್ತಿಯಾಗುವವರೆಗೂ ಕಡೂರಿನಲ್ಲೇ ಇದ್ದರು, ಸೈಕಲ್ ಶೆಡ್ಡಿನ ಕುಲುಮೆಯೂ ಇತ್ತು. ಇದನ್ನೆಲ್ಲ ಅಕ್ಕಸಾಲಿಗರಿಗೆ ಹೇಳಕೂಡದು ಅಂತ ಮೇಷ್ಟ್ರು ನನ್ನಿಂದ ಮಾತು ತೆಗೆದುಕೊಂಡಿದ್ದರು. ನನ್ನ ಬಾಯಿ ನಿಲ್ಲಲಿಲ್ಲ. ಒಂದು ದಿನ ಅಜ್ಜಂಪುರದಲ್ಲಿ ಎಲ್ಲ ಹೇಳಿಬಿಟ್ಟೆ.

ವಾರ ಕಳೆದಿರಲಿಲ್ಲ, ಅಕ್ಕಸಾಲಿಗರು ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೆಗಲಿಗೆ ಶಲ್ಯ ಹಾಕಿ ಲೈಬ್ರರಿಗೆ ಬಂದರು. ಮೇಷ್ಟ್ರನ್ನು ಕರೆಸಿ, ಜೇಬಿನಿಂದ ಮಡಿಸಿದ ಸ್ಟಾಂಪ್ ಪೇಪರು ತೆಗೆದು ಮೇಜಿನ ಮೇಲೆ ಹರಡಿದರು. ತರೀಕೆರೆ ತಾಲ್ಲೂಕು ಕಚೇರಿಯ ಮುಂದೆ ಪತ್ರ ಬರೆಯುವವನಿಂದ ಬರೆಸಿದ್ದು. 'ನನ್ನ ಸ್ವಂತ ಸ್ವಾಧೀನದಲ್ಲಿರುವ ಐದು ಉಲ್ಲೇಖಗಳನ್ನು ಯಾರ ಒತ್ತಾಯವೂ ಇಲ್ಲದೆ, ಪ್ರೀತಿಪೂರ್ವಕವಾಗಿ, ಸದರಿ ಮೇಷ್ಟ್ರ ಹೆಸರಿಗೆ ಖಾತೆ ಮಾಡಿಕೊಡಲು ಒಪ್ಪಿರುತ್ತೇನೆ' ಅಂತ ಇತ್ತು. ಕೆಳಗೆ ಸಹಿ, ಇಬ್ಬರು ಸಾಕ್ಷಿಗಳು.

ಮೇಷ್ಟ್ರು ಓದಿ ಮುಗಿಸಿ ಕಿಟಕಿಯ ಕಡೆ ತಿರುಗಿಕೊಂಡರು. "ಇದೆಲ್ಲ ನಡೆಯಲ್ಲ ಯಜಮಾನ್ರೇ. ಆ ಪುಸ್ತಕದೋರು ಒಪ್ಪಲ್ಲ."

"ಒಪ್ಪೋದು ಬಿಡೋದು ಅವರಿಗೆ ಬಿಟ್ಟದ್ದು. ನನ್ನ ಕಡೆಯಿಂದ ಖಾತೆ ಆಗಿದೆ."

ಮೇಷ್ಟ್ರು ಪತ್ರವನ್ನು ಇನ್ನೊಮ್ಮೆ ಓದಿದರು. "ಇಲ್ಲಿ ಚಕ್ಕುಬಂದಿ ಬೇರೆ ಬರೆಸಿದೀರಲ್ಲ. ಉಲ್ಲೇಖಕ್ಕೆ ಎಂಥಾ ಗಡಿ?"

"ನಾನೂ ಅದೇ ಅಂದೆ. ನಾಲ್ಕು ದಿಕ್ಕು ಇಲ್ದೆ ಪತ್ರ ಬರೆಯಲ್ಲ ಅಂದ್ಬಿಟ್ಟ ಆ ಪತ್ರ ಬರೆಯೋನು. ನಮ್ಮ ಹೆಸರು ಹೇಳಿದೋರು ಎಲ್ಲೆಲ್ಲಿಯೋರು ಅಂತ ಈ ಲೈಬ್ರರಿಯೋರು ಹೇಳಿದ್ರಲ್ಲ, ಹಂಗೇ ಬರೆಸ್ದೆ. ಪೂರ್ವಕ್ಕೆ ಜಪಾನು, ಪಶ್ಚಿಮಕ್ಕೆ ಜರ್ಮನಿ, ಉತ್ತರಕ್ಕೆ ರಷ್ಯಾ. ದಕ್ಷಿಣದ ಕಡೆ ಯಾರೂ ನಮ್ಮನ್ನ ಉಲ್ಲೇಖ ಮಾಡಿರ್ಲಿಲ್ಲ. ಅದಕ್ಕೆ ಬೀರೂರಿನ ರೈಲು ಹಳಿ ಅಂತ ಹಾಕಿಸ್ದೆ."