ನರಸಮ್ಮ ಕಾಕುವಿನ ಎಲೆಯಲ್ಲಿ ಜೇಡರ ಸಂಸಾರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನರಸಮ್ಮ ಕಾಕುವಿನ ಬೀಳ್ಕೊಡುಗೆಯ ಊಟ ಕೆಡಿಸಿದವನು ನಾನು, ಜೇಡಗಳಲ್ಲ. ಜೇಡಗಳು ತಮ್ಮ ಪಾಡಿಗೆ ಎಲೆಯ ಮರೆಯಲ್ಲಿ ಸಂಸಾರ ಹೂಡಿದ್ದವು. ಅವುಗಳನ್ನು ಬೀದರಿಗೆ ಕರೆತಂದು, ಪಂಕ್ತಿಯಲ್ಲಿ ಕೂಡಿಸಿ, ಮೇಲೆ ತುಪ್ಪ ಬಡಿಸಿದವನು ಈ ನಾಗಪ್ಪ!

ಭಾಷೆಯ ಪ್ರಕಾರ ರಾಜ್ಯಗಳನ್ನು ಹಂಚಿದ ಆ ವರ್ಷ ನಮ್ಮ ಬೀದರು ಮೈಸೂರು ರಾಜ್ಯಕ್ಕೆ ಸೇರಿತು. ಭಾಲ್ಕಿ, ಔರಾದ ನಮ್ಮ ಜೊತೆ ಬಂದವು. ಜಹೀರಾಬಾದಿನ ಕಡೆಯದು ಆಂಧ್ರಕ್ಕೆ ಹೋಯಿತು. ಪಕ್ಕದ ಮನೆಯ ವೆಂಕಯ್ಯ ಕಾಕಾ ಕಚೇರಿಯ ಗುಮಾಸ್ತರು. ಅವರ ಊರು ಆ ಕಡೆ. ಅವರನ್ನು ಆ ಕಡೆಗೇ ವರ್ಗ ಮಾಡಿದರು. ಕಾಕಾ ಹೋಗಲಿ, ಸರಕಾರದ ಆಳು. ಆದರೆ ಅವರ ಜೊತೆ ಅವರ ಹೆಂಡತಿ, ನಮ್ಮ ಕಾಕೂನೂ ಹೋಗುತ್ತಾಳಲ್ಲ!

ನನ್ನ ಅವ್ವ ನಾನು ಅಂಬೆಗಾಲಿಡುವಾಗಲೇ ತೀರಿಹೋದಳು. ಅಂದಿನಿಂದ ನನ್ನ ಹೊಟ್ಟೆ ಕಾಕುವಿನ ಆಡಳಿತಕ್ಕೆ ಒಳಪಟ್ಟಿತ್ತು. ಅವಳು ರೊಟ್ಟಿ ಕೊಡುತ್ತಿದ್ದಳು, ನಾನು ಬದಲಿಗೆ ನಖಲು ಮಾಡಿ ತೋರಿಸುತ್ತಿದ್ದೆ. ಔರಾದ ಬಸ್ಸಿನ ಕಂಡಕ್ಟರನಂತೆ ಕೂಗುತ್ತಿದ್ದೆ. ಅಪ್ಪನಂತೆ ಗೊರಕೆ ಹೊಡೆಯುತ್ತಿದ್ದೆ. ಮೈಸೂರಿನಿಂದ ಹೊಸದಾಗಿ ಬಂದ ಸಾಹೇಬರಂತೆ, "ದಯಮಾಡಿ ಕುಳಿತುಕೊಳ್ಳೋಣವಾಗಲಿ" ಎನ್ನುತ್ತಿದ್ದೆ. ಕಾಕು ನಗುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಕರಕಲು! ಕರಕಲನ್ನು ಅವಳು ತಿಂದು, ಬಿಳಿಯದನ್ನು ನನಗೆ ಹಾಕುತ್ತಿದ್ದಳು.

ಒಂದು ದಿನ ಮಾತ್ರ, "ಎಲ್ಲಾರ್ದು ಮಾಡ್ತಿ. ನಿಮ್ಮವ್ವಂದು ಒಮ್ಮಿ ಮಾಡಿ ತೋರ್ಸೋ ನಾಗ್ಯಾ, ಭಾಳ ನೆನಪಾಗ್ತಾಳ" ಅಂದಳು.

ಆ ದನಿ ನನಗೆ ಗೊತ್ತೇ ಇರಲಿಲ್ಲ. "ಆ ಮಾಲು ನಮ್ಮ ದುಕಾನದಾಗ ಇಲ್ಲರಿ ಕಾಕು" ಎಂದೆ. ನನ್ನ ಜೋಕಿಗೆ ಅವಳು ನಗದಿದ್ದದ್ದು ಅದೊಂದೇ ಸಲ.

ಅಂಥ ಕಾಕು ಹೊರಡುವ ಮೊದಲು ನಮ್ಮ ಮನೆಯಲ್ಲಿ ಹೊಟ್ಟೆ ತುಂಬ ಉಣ್ಣಬೇಕು, ಅದೂ ನಾನೇ ಎಲೆ ಜೋಡಿಸಿ ಕೈಯಾರೆ ಹಚ್ಚಿದ ಪತ್ರಾವಳಿಯಲ್ಲಿ! ಹೀಗೆಂದು ಓಣಿಯಲ್ಲೆಲ್ಲ ಸಾರಿದೆ.

ಅಪ್ಪ ಎಚ್ಚರಿಸಿದ: "ಮುತ್ತಲ ಎಲಿ ಹಿಂದ ಮುಂದ ತಿರುವಿ ನೋಡು. ಹಸಿ ಬಟ್ಟಿಲಿಂದ ಒರಸು. ಕಲ್ಲಿನ ಕೆಳಗ ಇಟ್ಟು ಒಣಗಿಸು. ಆಮ್ಯಾಲ ಹಚ್ಚು."

"ಎಲ್ಲಾ ಗೊತ್ತದ ಅಪ್ಪಾ!"

ಗೊತ್ತಿದ್ದದ್ದು ಅಷ್ಟೇ: ನನಗೆ ಎಲ್ಲಾ ಗೊತ್ತಿದೆ ಎಂಬುದು.

ಭಾಲ್ಕಿ ರಸ್ತೆಯ ಮುತ್ತಲ ಗಿಡಗಳಿಗೆ ಹೋದೆ. ಅಲ್ಲೊಂದು ಸೋಜಿಗ ಕಂಡಿತು. ಎರಡು ಎಲೆಗಳನ್ನು ಯಾರೋ ಮೊದಲೇ ಬಿಳಿ ನೂಲಿನಿಂದ ಜೋಡಿಸಿಟ್ಟಿದ್ದರು! ನಡುವೆ ಇಣುಕಿದರೆ ಒಂದು ಜೇಡ. ಎಳೆ ಹಸಿರು, ಬಿಸಿಲಿಗೆ ಹಿಡಿದರೆ ಆಚೆ ಕಾಣುವಂಥ ಮೈ, ಕೂದಲೆಳೆಯಂಥ ಕಾಲು. ನೂಲಿನ ಒಂದು ಗಂಟಿನ ಮೇಲೆ ಕೂತಿತ್ತು. ಊದಿದೆ, ಕದಲಲಿಲ್ಲ. ಕಡ್ಡಿಯಿಂದ ತಿವಿದೆ. ಕಾಲು ಅಗಲಿಸಿ ಗಂಟನ್ನು ಇನ್ನೂ ಬಿಗಿಯಾಗಿ ಅಪ್ಪಿಕೊಂಡಿತು. ನಾನೂ ನೆಲದ ಮೇಲೆ ಕೈಕಾಲು ಅಗಲಿಸಿ, ಕಣ್ಣು ಬಿಟ್ಟು, ಅದರ ನಖಲು ಮಾಡಿದೆ. ನೋಡಲು ಇದ್ದದ್ದು ಒಂದು ಎಮ್ಮೆ. ಎಮ್ಮೆ ಮುಖ ತಿರುಗಿಸಿತು.

ಕೊನೆಗೆ ಜೇಡವನ್ನು ಕಡ್ಡಿಯಿಂದ ಎತ್ತಿ ಒಗೆದೆ. ಗಂಟು ಅಲ್ಲೇ ಇರಲಿ, ಒಂದು ಹೊಲಿಗೆ ಉಳಿಯಿತು! ಆಮೇಲೆ ಅಂಥ ಜೋಡಿ ಎಲೆಗಳನ್ನೇ ಹುಡುಕಿ ಹುಡುಕಿ ಕಿತ್ತೆ. ಪ್ರತಿ ಎಲೆಯ ಯಜಮಾನಿಯನ್ನೂ ಕಡ್ಡಿಯ ಒಂದೇ ಹುಕುಮಿನಿಂದ ವರ್ಗ ಮಾಡಿದೆ.

ಮನೆಗೆ ಬಂದು ಒರೆಸಲಿಲ್ಲ, ಕಲ್ಲಿನ ಕೆಳಗೆ ಇಡಲಿಲ್ಲ. ಜಲ್ದಿ ಒಣಗಲಿ ಎಂದು ಪತ್ರಾವಳಿಗಳನ್ನು ಹಚ್ಚಿ ಒಲೆಯ ಪಕ್ಕ ಪೇರಿಸಿಟ್ಟೆ. ಬೆಚ್ಚಗೆ ಕೆಲವು ದಿನ ಅಲ್ಲೇ ಇದ್ದವು. ಆ ಗಂಟುಗಳೊಳಗಿನ ಮೊಟ್ಟೆಗೆ ಇನ್ನೇನು ಬೇಕು!

ಊಟದ ದಿನ ಓಣಿಯವರೆಲ್ಲ ಬಂದು ಪಂಕ್ತಿಯಲ್ಲಿ ಕೂತರು. ನಡುವೆ ಹೊಸ ಸೀರೆ ಉಟ್ಟ ಕಾಕು. ಎಲ್ಲರೂ ಎಲೆಗೆ ನೀರು ಚಿಮುಕಿಸಿದರು. ನಾನು ಬಿಸಿ ಹೋಳಿಗೆ ಬಡಿಸಿ, ತುಪ್ಪದ ಗಿಂಡಿ ಬಗ್ಗಿಸಿದೆ.

ತುಪ್ಪ ಹರಿಯುವ ಮೊದಲು ಎಲೆಯೇ ಹರಿದಾಡತೊಡಗಿತು!

ಸಾಸಿವೆಗಿಂತ ಸಣ್ಣ ಹಸಿರು ಮರಿಗಳು. ಎಲೆಯ ಮಡಿಕೆಯಿಂದ ಹೊರಟು ಹೋಳಿಗೆ ಹತ್ತಿ, ಭಜಿ ಇಳಿದು, ಕಾಕಾನ ಮೊಣಕೈ ತಲುಪಿದವು.

"ಅರೇ ಬಾಪ್ರೆ!" ಕಾಕಾ ಎದ್ದರು. ಅವರ ಹಿಂದೆ ಇಡೀ ಪಂಕ್ತಿ ಎದ್ದಿತು. ನಮ್ಮಲ್ಲಿ ಪಂಕ್ತಿಯಿಂದ ಎದ್ದರೆ ಮುಗಿಯಿತು, ಮತ್ತೆ ಆ ಊಟಕ್ಕೆ ಕೂಡುವಂತಿಲ್ಲ. ಒಂದು ತುತ್ತೂ ಬಾಯಿಗೆ ಹೋಗದೆ ಬೀಳ್ಕೊಡುಗೆ ಸಮಾಪ್ತಿ!

ನಾನು ಮೈಸೂರು ಸಾಹೇಬರ ದನಿ ತೆಗೆದೆ: "ಮಹಾಜನರು ದಯಮಾಡಿ ಗಾಬರಿಯಾಗಬಾರದು."

"ಬಾಯಿ ಮುಚ್ಚೋ ಬೇವಕೂಫ್!" ಎಂದ ಅಪ್ಪ. ಸಾಹೇಬರು ಬಾಯಿ ಮುಚ್ಚಿದರು.

ಕಾಕು ಒಬ್ಬಳೇ ಎದ್ದಿರಲಿಲ್ಲ. ಬಳೆಯ ಮೇಲೆ ಹತ್ತಿದ ಮರಿಗಳನ್ನು ಬೆರಳಿನಿಂದ ಮೆಲ್ಲಗೆ ಎಲೆಗೆ ಇಳಿಸುತ್ತಿದ್ದಳು.

"ಇವುರ ಅವ್ವ ಎಲ್ಲಿ ಹೋದ್ಳೋ ನಾಗ್ಯಾ?"

ಕಂಡಕ್ಟರ, ಸಾಹೇಬ, ಅಪ್ಪ, ಎಲ್ಲರ ದನಿಯೂ ಇದ್ದ ಬಾಯಿಯಿಂದ ನನ್ನದೊಂದೂ ಬರಲಿಲ್ಲ. ಅವಳು ನನ್ನ ಮುಖ ನೋಡಿದಳು. ಎಲೆಯನ್ನು ಪಕ್ಕಕ್ಕೆ ಸರಿಸಿ, ಅಂಗೈ ಚಾಚಿದಳು.

"ಹೋಳಗಿ ಕೈಯಾಗೇ ಹಾಕು. ನಾ ಎದ್ದಿಲ್ಲ ಇನ್ನಾ."

ಅಂಗೈಯಲ್ಲೇ ಹೋಳಿಗೆ ಉಂಡಳು. ತುಪ್ಪ ಮೊಣಕೈವರೆಗೆ ಇಳಿಯಿತು. ಆಮೇಲೆ ಮರಿಗಳಿದ್ದ ಎಲೆಗಳನ್ನೆಲ್ಲ ಒಯ್ದು ಹಿತ್ತಲಿನ ಪೇರಲ ಗಿಡದ ಕೊಂಬೆಗಳ ನಡುವೆ ಸಿಕ್ಕಿಸಿ ಬಂದಳು.

ಮರುದಿನ ಬಸ್ಸಿಗೆ ಕಳಿಸಲು ಹೋದೆ. ಕಾಕು ಕಿಟಕಿಯ ಪಕ್ಕ ಕೂತಿದ್ದಳು. ಕಾಕಾ ಕೆಳಗೆ ಟ್ರಂಕು ಎಣಿಸುತ್ತಿದ್ದರು. ಅಳು ಬಂದುಬಿಟ್ಟರೆ ಮಾನ ಉಳಿಯುವುದೇ? ಅಳು ಮುಚ್ಚಲು ಔರಾದ ಕಂಡಕ್ಟರನ ದನಿ ತೆಗೆದೆ.

"ಹಾಂ, ಚಲೋ! ರೈಟ್, ರೈಟ್!"

ನನ್ನ ಕಲೆ ಅಂದು ಶಿಖರ ಮುಟ್ಟಿತು. ಬಸ್ಸು ಹೊರಟೇಬಿಟ್ಟಿತು!

ಕಾಕಾ ಧೋತರ ಎತ್ತಿ ಓಡಿದರು. ಅವರ ಹಿಂದೆ ನಿಜವಾದ ಕಂಡಕ್ಟರ, ಚಹದ ಕಪ್ಪಿನ ಸಮೇತ. ಅವರ ಹಿಂದೆ ನಾನು, ಟ್ರಂಕು ಹೊತ್ತು. ಬಸ್ಸು ನಿಂತಿತು. ಕಾಕಾ ತೆಲುಗಿನಲ್ಲಿ ಬೈದರು, ಕಂಡಕ್ಟರ ಉರ್ದುವಿನಲ್ಲಿ ಬೈದ. ನಾನು ಕಿಟಕಿಯ ಕೆಳಗೆ ಹೋಗಿ ನಿಂತೆ.

ಕಾಕು ನಗುತ್ತಿದ್ದಳು. ಸೆರಗಿನಿಂದ ಕಣ್ಣನ್ನೂ ಒರೆಸುತ್ತಿದ್ದಳು.

"ಕಾಕು, ಮತ್ತ ಬರ್ರಿ" ಎಂದೆ. ಈ ಸಲ ಬಂದದ್ದು ನನ್ನದೇ ದನಿ, ಒಡೆದ ಗಡಿಗೆಯಂಥದ್ದು. "ಎಲಿ ಹಿಂದ ಮುಂದ ನೋಡಿ, ನಾನೇ ಒರಸಿ ಹಾಕ್ತೇನಿ."

ಬಸ್ಸು ಮತ್ತೆ ಹೊರಟಿತು. ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗಿದಳು:

"ಬರ್ತೇನಿ ಬಿಡೋ. ಎಲಿ ಬ್ಯಾಡ, ತಾಟ ನಾನೇ ತರ್ತೇನಿ!"